ಹಸಿರು ಚೀಟಿ ನೋಡಲೇ, ಸೀರೆ ನೋಡಲೇ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನಿರುವುದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಮುಂದಿನ ತಿಂಗಳು ಗದಗಿನಲ್ಲಿ ಚಿಕ್ಕಪ್ಪನ ಮಗಳ ಮದುವೆ. ಅಂಗಡಿಯಲ್ಲಿ 2,400 ರೂಪಾಯಿಯ ಡ್ರೆಸ್ ಒಂದನ್ನು ನೋಡಿದೆ. ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ ಪರಿಸರಸ್ನೇಹಿ ಬಟ್ಟೆ ಎಂದು ಹಸಿರು ಚೀಟಿ ಕಟ್ಟಿದ್ದರು. ಕೈಮಗ್ಗದ ಇಳಕಲ್ ಸೀರೆಗೆ 4,000 ಹೇಳಿದರು. ಆನ್‌ಲೈನ್‌ನಲ್ಲಿ 1,500ಕ್ಕೆ ಮೂರು ಡ್ರೆಸ್ ಬರುತ್ತವೆ. ಪರಿಸರಕ್ಕೆ ಹಾನಿ ಮಾಡದ್ದನ್ನೇ ಕೊಳ್ಳಬೇಕೆಂಬ ಆಸೆ ಇದೆ, ಆದರೆ ಸಂಬಳ ಸಣ್ಣದು. ಏನನ್ನು ನೋಡಿ ಕೊಳ್ಳಲಿ?

ಉತ್ತರ: ತಂಗೀ, ಧಾರವಾಡದ ನಮ್ಮ ಮನೆ ಪಡಸಾಲೆಯಲ್ಲಿ ಹೊಲಿಗೆ ಮಷಿನ್ ಹಾಕಿ 31 ವರ್ಷವಾಯಿತು. ಹೊಸ ಬಟ್ಟೆ ಹೊಲಿದಷ್ಟೇ ಹಳೆಯದನ್ನು ಬಿಚ್ಚಿದ್ದೇನೆ. ಬಿಚ್ಚುವಾಗಲೇ ಬಟ್ಟೆಯ ನಿಜ ಗೊತ್ತಾಗುವುದು. ಅದಕ್ಕೇ ಹೇಳುತ್ತೇನೆ, ಚೀಟಿಯನ್ನು ಆಮೇಲೆ ಓದು. ಮೊದಲು ಇದನ್ನು ಎಷ್ಟು ಸಲ ಉಡುತ್ತೀ, ಉಟ್ಟು ಮುಗಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ ಅಂತ ಕೇಳಿಕೋ.

ಬಾಟಲಿಯ ಬಟ್ಟೆ ಎಂದರೂ ಅದು ಪಾಲಿಯೆಸ್ಟರ್ರೇ. ಹೊಸ ಪಾಲಿಯೆಸ್ಟರ್ ಪೆಟ್ರೋಲಿಯಂನಿಂದ ಬರುತ್ತದೆ. ಅದನ್ನು ಉಳಿಸಿದ್ದು ಒಳ್ಳೆಯದೇ. ಆದರೆ ಪ್ರತಿ ಸಲ ಒಗೆದಾಗಲೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರಿಗೆ ಹೋಗುತ್ತವೆ. ಬಾಟಲಿಯಿಂದ ಮತ್ತೆ ಬಾಟಲಿ ಮಾಡಬಹುದು. ಡ್ರೆಸ್ ಆದ ಮೇಲೆ ಅದು ಮತ್ತೆ ಬಟ್ಟೆಯಾಗುವುದು ತೀರಾ ಅಪರೂಪ.

ಹಾಗಂತ ಹತ್ತಿ ಅಂದಕೂಡಲೇ ಎಲ್ಲ ಒಳ್ಳೆಯದು ಅಂತಲ್ಲ. ಬೆಳೆಯಿಂದ ಹಿಡಿದು ಒಂದು ಹತ್ತಿ ಟೀ ಶರ್ಟಿಗೆ ಸುಮಾರು 2,700 ಲೀಟರ್ ನೀರು ಬೇಕೆಂಬ ಲೆಕ್ಕವಿದೆ. ಅದನ್ನು ನಾಲ್ಕು ಸಲ ಹಾಕಿ ಬಿಸಾಡಿದರೆ ಅಷ್ಟೂ ನೀರು ಸುಮ್ನೆ ಹೋಯಿತು, ಅಲ್ವಾ?

ನಮ್ಮವ್ವ 1986ರಲ್ಲಿ ಒಂದು ಇಳಕಲ್ ಸೀರೆ ಕೊಂಡಿದ್ದಳು. ಹೆಸರುಕಾಳಿನ ಬಣ್ಣದ ಹತ್ತಿಯ ಒಡಲು, ಕೆಂಪು ರೇಷ್ಮೆ ಸೆರಗು. ಹಬ್ಬಕ್ಕೆ, ಸೀಮಂತಕ್ಕೆ, ಆಮೇಲೆ ಮನೆಯಲ್ಲಿ ದಿನಾ ಉಡಲು, ಹೀಗೆ 20 ವರ್ಷ ನಡೆಯಿತು. ಒಡಲು ಸವೆದು ತೆಳ್ಳಗಾದಾಗ ನಾನೇ ಸೆರಗು ಬಿಡಿಸಿಕೊಂಡು ಮಗಳ ಲಂಗಕ್ಕೆ ಅಂಚು ಕೊಟ್ಟೆ. ಒಡಲು ಕೌದಿಗೆ ಹೋಯಿತು. ಆ ಕೌದಿ ಈಗಲೂ ನಮ್ಮ ಮಂಚದ ಮೇಲಿದೆ. ಅವ್ವ ಕೌದಿಗೆ ಕೂತಾಗ ನೈಲಾನ್ ಸೀರೆ ಕೈಗೆ ಬಂದರೆ ಪಕ್ಕಕ್ಕೆ ಸರಿಸುತ್ತಿದ್ದಳು. ಜಾರುತ್ತದೆ, ಹೊದ್ದರೆ ಬೆವರುತ್ತದೆ ಅನ್ನುತ್ತಿದ್ದಳು. ಹಾಗೆ ಸರಿಸಿದವು ಕೊನೆಗೆ ತಿಪ್ಪೆಗೇ ಹೋದವು. ನನಗೆ ಆಗ ಅರ್ಥವಾಗಿರಲಿಲ್ಲ. ಈಗ ಬಟ್ಟೆ ಕೈಗೆತ್ತಿಕೊಂಡರೆ ಮೊದಲು ನೆನಪಾಗುವುದು ಅದೇ.

ಇನ್ನು ದುಡ್ಡು. 4,000ದ ಸೀರೆಯನ್ನು 40 ಸಲ ಉಟ್ಟರೆ ಒಂದು ಸಲಕ್ಕೆ 100 ರೂಪಾಯಿ. 500ರ ಡ್ರೆಸ್ ಎರಡು ಸಲಕ್ಕೇ ಬಣ್ಣ ಬಿಟ್ಟರೆ ಒಂದು ಸಲಕ್ಕೆ 250. ಆದರೆ ನೀನು ಸೀರೆ ಉಡುವವಳೇ ಅಲ್ಲದಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಆಗ ಆಫೀಸಿಗೂ ಆಗುವ ಹತ್ತಿ ಚೂಡಿದಾರವೇ ಮೇಲು.

ಅಂಗಡಿಯಲ್ಲಿ ಬಟ್ಟೆಯನ್ನು ತಿರುವಿ ಒಳಮೈ ನೋಡು. ಹೊಲಿಗೆಯ ಪಕ್ಕ ಒಂದು ಬೆರಳಿನಷ್ಟಾದರೂ ಬಟ್ಟೆ ಬಿಟ್ಟಿರಬೇಕು. ನೂಲಿನಷ್ಟೇ ಬಿಟ್ಟಿದ್ದರೆ ನಾಳೆ ದಪ್ಪಗಾದರೆ ಬಿಚ್ಚಿ ಸಡಿಲ ಮಾಡಲು ನನ್ನಂಥವಳಿಗೂ ಆಗುವುದಿಲ್ಲ. ಮನೆಗೆ ತಂದ ಮೇಲೆ ಅನುಮಾನ ಬಂದರೆ ಒಳಗಿನಿಂದ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಸುಡು. ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇಳಕಲ್ ಸೀರೆಯಾದರೆ ಒಡಲು ಮತ್ತು ಸೆರಗು ಕೂಡುವ ಕಡೆ ಬೆರಳಾಡಿಸು. ಒಡಲಿನ ಹಾಸುನೂಲಿಗೆ, ಅಂದರೆ ಉದ್ದಕ್ಕೆ ಓಡುವ ನೂಲಿಗೆ, ಸೆರಗಿನ ಹಾಸುನೂಲನ್ನು ಕುಣಿಕೆ ಹಾಕಿ ಸೇರಿಸಿರುತ್ತಾರೆ. ಅದಕ್ಕೆ ತೋಪು ತೆನಿ ಅಂತಾರೆ. ಒಂದೊಂದು ಎಳೆಯನ್ನೂ ಕೈಯಲ್ಲೇ ಕೂಡಿಸುವ ಕೆಲಸ ಅದು. ಅದನ್ನು ನೋಡಿದ ಮೇಲೆ 4,000 ಯಾಕೆ ಅಂತ ನಾನಂತೂ ಕೇಳುವುದಿಲ್ಲ.

ಇನ್ನೊಂದು ಮಾತು. ನಿನ್ನ ಊರಿನ ಬೆಂಗೇರಿಯಲ್ಲೇ 1957ರಲ್ಲಿ ಶುರುವಾದ ಖಾದಿ ಸಂಘವಿದೆ, ಅಲ್ಲಿ ಖಾದಿಯ ರಾಷ್ಟ್ರಧ್ವಜ ಹೊಲಿಯುತ್ತಾರೆ. 2021ರ ಡಿಸೆಂಬರಿನಲ್ಲಿ ಧ್ವಜದ ನಿಯಮ ಬದಲಾಯಿತು. ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು. ಆ ಸಂಘಕ್ಕಾಗಿ ನೂಲುವ, ಹೊಲಿಯುವ ಹೆಣ್ಣುಮಕ್ಕಳ ಕೆಲಸಕ್ಕೆ ಪೆಟ್ಟು ಬಿತ್ತು. ಅಗ್ಗದ್ದನ್ನು ಕೈಗೆತ್ತಿಕೊಂಡಾಗ ಯಾರ ಕೈಯ ಕೆಲಸ ಹೋಗುತ್ತದೆ ಅನ್ನುವುದನ್ನೂ ಪರಿಸರದ ಜೊತೆಗೇ ಸೇರಿಸಿ ನೋಡಬೇಕು ಅಂತ ನನಗನ್ನಿಸುತ್ತದೆ.

ಕೊಳ್ಳುವ ಮೊದಲು ನಿಮ್ಮವ್ವನ ಟ್ರಂಕು ತೆಗೆದು ನೋಡು. ಉಡದೇ ಇಟ್ಟ ಸೀರೆ ಒಂದಾದರೂ ಸಿಗುತ್ತದೆ. ಮಡಿಕೆಯ ಗೆರೆಯಲ್ಲಿ ನೂಲು ಹಿಂಜಿದೆಯೇ ಅಂತ ಬೆಳಕಿಗೆ ಹಿಡಿದು ನೋಡು. ಗಟ್ಟಿಯಿದ್ದರೆ ಹೊಸ ಕುಪ್ಪಸ ಹೊಲಿಸಿದರೆ ಸಾಕು, ಮದುವೆಗೆ ಅದೇ ಆಯಿತು. ಹೊಲಿಯುವವರಿಗೆ ಒಳಗೆ ಎರಡು ಬೆರಳು ಬಟ್ಟೆ ಬಿಡಲು ಮರೆಯದೇ ಹೇಳು.