4ಕೆ ಟಿವಿಗೆ ಜಾಸ್ತಿ ದುಡ್ಡು ಕೊಡಬೇಕಾ? ಮೊದಲು ಟೇಪ್ ಹಿಡಿಯಿರಿ

ಟಿವಿ ಫುಲ್ ಎಚ್‌ಡಿ ಸಾಕಾ, 4ಕೆ ಬೇಕಾ, ಇಲ್ಲ ಕಾದು 8ಕೆ ತಗೊಳ್ಳೋದಾ ಅಂತ ಕೇಳಿದ್ದೀರಿ. ಇವೆಲ್ಲ ಪರದೆಯಲ್ಲಿ ಎಷ್ಟು ಚುಕ್ಕಿ ಇವೆ ಅನ್ನುವುದರ ಹೆಸರು: ಫುಲ್ ಎಚ್‌ಡಿಗಿಂತ 4ಕೆಯಲ್ಲಿ ಜಾಸ್ತಿ, 8ಕೆಯಲ್ಲಿ ಇನ್ನೂ ಜಾಸ್ತಿ. 8ಕೆ ಮರೆತುಬಿಡಿ. ಆ ಗುಣಮಟ್ಟದಲ್ಲಿ ನೋಡುವುದಕ್ಕೆ ಹೆಚ್ಚೇನೂ ಸಿಗುವುದಿಲ್ಲ.

ನಮ್ಮದು ಕೊಡಗಿನ ನಾಪೋಕ್ಲು ಕಡೆ ತೋಟದ ಮನೆ. ಮೂರು ವರ್ಷದ ಹಿಂದೆ ಮಡಿಕೇರಿಯ ಅಂಗಡಿಯೊಂದರಲ್ಲಿ 43 ಇಂಚಿನ 4ಕೆ ಟಿವಿ ನೋಡಿ ಮರುಳಾದೆ, ಪರದೆಯ ಮೇಲಿದ್ದ ಗಿಳಿಯ ಗರಿ ಒಂದೊಂದಾಗಿ ಎಣಿಸುವ ಹಾಗಿತ್ತು. ಮನೆಗೆ ತಂದು ಡಿಶ್ ಜೋಡಿಸಿ ಅಮ್ಮನ ಧಾರಾವಾಹಿ ಹಾಕಿದರೆ, ಎಲ್ಲರ ಮುಖಕ್ಕೂ ಮೇಣ ಬಳಿದ ಹಾಗೆ! ಹಳೇದೇ ಚೆನ್ನಾಗಿತ್ತು ಅಂದರು ಅಮ್ಮ. ಸುಳ್ಳಲ್ಲ. ನಮ್ಮ ಪ್ಯಾಕ್‌ನಲ್ಲಿದ್ದದ್ದು ಎಸ್‌ಡಿ, ಅಂದರೆ ಸಾಧಾರಣ ಗುಣಮಟ್ಟದ ಚಾನೆಲ್, ಮೇಲಿಂದ ಕೆಳಕ್ಕೆ ಚುಕ್ಕಿಗಳ 576 ಗೆರೆ ಅಷ್ಟೇ. 4ಕೆ ಪರದೆಯಲ್ಲಿ 2160 ಗೆರೆ. ಉಳಿದದ್ದನ್ನು ಪಾಪ ಟಿವಿಯೇ ಊಹಿಸಿ ತುಂಬಬೇಕು. ಅದೇ ಚಾನೆಲ್‌ನ ಎಚ್‌ಡಿ ಹಾಕಿಸಿದ ಮೇಲೆ ನಾಯಕಿಗೆ ಹುಬ್ಬು ವಾಪಸ್ ಬಂತು.

ಆಮೇಲೆ ಟೇಪ್ ಹಿಡಿದೆ. ಅಮ್ಮನ ಕುರ್ಚಿಯಿಂದ ಟಿವಿಗೆ 11 ಅಡಿ. ನಮ್ಮ ಕಣ್ಣು ಒಂದು ಡಿಗ್ರಿ ಕೋನದ 60ರಲ್ಲಿ ಒಂದು ಭಾಗಕ್ಕಿಂತ ಸಣ್ಣದನ್ನು ಬೇರೆ ಬೇರೆಯಾಗಿ ಗುರುತಿಸುವುದು ಕಷ್ಟ. 43 ಇಂಚಿನ ಫುಲ್ ಎಚ್‌ಡಿಯಲ್ಲಿ ಒಂದು ಚುಕ್ಕಿ ಸುಮಾರು ಅರ್ಧ ಮಿಲಿಮೀಟರ್, ಅಂದರೆ ಐದೂವರೆ ಅಡಿ ದಾಟಿದರೆ ಚುಕ್ಕಿಗಳು ಬೆರೆತುಹೋಗುತ್ತವೆ, 4ಕೆಯ ಇನ್ನೂ ಸಣ್ಣ ಚುಕ್ಕಿಯಿಂದ ಕಣ್ಣಿಗೆ ಲಾಭವಿಲ್ಲ. 55 ಇಂಚಿಗೆ ಇದೇ ಲೆಕ್ಕ ಏಳು ಅಡಿ, 65ಕ್ಕೆ ಎಂಟೂವರೆ. 11 ಅಡಿ ದೂರದಲ್ಲಿ ಕೂತು 43 ಇಂಚು ನೋಡುವ ನನಗೆ 4ಕೆ ಸುಮ್ನೆ ಖರ್ಚು, ಅಲ್ವಾ?

ಇನ್ನು ಸಿಗ್ನಲ್. ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಬೇಕೆಂದರೆ ಪ್ರೀಮಿಯಂ ಪ್ಲಾನ್ ಬೇಕು, ನೆಟ್ ವೇಗ 15 ಎಂಬಿಪಿಎಸ್ ಇರಬೇಕು ಅಂತಾರೆ. ಫುಲ್ ಎಚ್‌ಡಿಗೆ 5 ಸಾಕು. ನಮ್ಮ ಕಕ್ಕಡ ತಿಂಗಳ ಜಡಿಮಳೆಯಲ್ಲಿ ಸಿಲ್ವರ್ ಓಕ್ ಮರದ ಕೊಂಬೆ ನೆಟ್‌ನ ಫೈಬರ್ ಕೇಬಲ್ ಮೇಲೆ ಬಿದ್ದರೆ ಎರಡೂ ಇಲ್ಲ, ಡಿಶ್ ಸಿಗ್ನಲ್ ಅಂತೂ ಜೋರು ಮಳೆಗೇ ಹೋಗುತ್ತದೆ.

ಹಾಗಂತ 4ಕೆ ಬೇಡ ಅಂತಲ್ಲ. ದೊಡ್ಡ ಸೈಜಿನಲ್ಲಿ ಈಗ ಅಂಗಡಿಯಲ್ಲಿ ಸಿಗುವುದೇ ಹೆಚ್ಚಾಗಿ 4ಕೆ. ಬಂದರೆ ಬರಲಿ, ಆದರೆ ಅದಕ್ಕಾಗಿ ಜಾಸ್ತಿ ಕೊಡಬೇಡಿ. ಆ ದುಡ್ಡನ್ನು ಬೆಳಕು ಚೆನ್ನಾಗಿರುವ, ಕಪ್ಪು ನಿಜಕ್ಕೂ ಕಪ್ಪಾಗಿ ಕಾಣುವ ಪ್ಯಾನೆಲ್‌ಗೆ, ಅಂದರೆ ಪರದೆಗೆ ಹಾಕಿ. ಕೊಡವ ಕುಟುಂಬಗಳ ಹಾಕಿ ಪಂದ್ಯ ನೋಡುವಾಗ ಚೆಂಡಿಗೆ ಬಾಲ ಬಂದ ಹಾಗೆ ಕಾಣುವುದಕ್ಕೂ 4ಕೆ ಮದ್ದಲ್ಲ, ಅದು ಸೆಕೆಂಡಿಗೆ ಎಷ್ಟು ಫ್ರೇಮ್ (ಚಿತ್ರ) ಬರುತ್ತದೆ, ಪ್ಯಾನೆಲ್ ಎಷ್ಟು ಬೇಗ ಬದಲಾಗುತ್ತದೆ ಅನ್ನುವುದರ ಮೇಲೆ ನಿಂತಿದೆ.

ನಿಮ್ಮ ಕುರ್ಚಿಯಿಂದ ಗೋಡೆಗೆ ಎಷ್ಟು ಅಡಿ ಅಂತ ಬರೆಯಿರಿ, ಎಷ್ಟು ಇಂಚು ತಗೊಳ್ಳಬಹುದು ಅಂತ ಹೇಳುತ್ತೇನೆ.