ಓದುಗರ ಪ್ರಶ್ನೆ, ನಮ್ಮ ಉತ್ತರ: ಮತವಿಲ್ಲದೆ ಬಂದ ಪ್ರತಿನಿಧಿ ಸ್ಥಾನ

ಪ್ರಶ್ನೆ: ಹಳ್ಳಿಯಿಂದ ಬಂದು ಎಂ.ಎಸ್ಸಿ. ಮೊದಲ ವರ್ಷ ಓದುತ್ತಿದ್ದೇನೆ. ವಿಭಾಗದ ಮುಖ್ಯಸ್ಥರು ನನ್ನನ್ನು ತರಗತಿಯ ಪ್ರತಿನಿಧಿಯಾಗಿ ಹೆಸರಿಸಿದ್ದಾರೆ. ಹಾಸ್ಟೆಲ್‌ನ ಹಿರಿಯರು ಮೆಸ್ ಸಮಿತಿಗೆ ಕರೆಯುತ್ತಿದ್ದಾರೆ. ಎನ್.ಎಸ್.ಎಸ್. (ರಾಷ್ಟ್ರೀಯ ಸೇವಾ ಯೋಜನೆ) ಸೇರುವ ಆಸೆಯೂ ಇದೆ. ಯಾರೂ ಮತ ಹಾಕದೆ ಬಂದ ಸ್ಥಾನಕ್ಕೆ ಬೆಲೆ ಇದೆಯೇ? ಅಪ್ಪ ಮಾತ್ರ ಓದು ಕೆಡಿಸಿಕೊಳ್ಳಬೇಡ ಎನ್ನುತ್ತಾರೆ.
– ಸ್ನಾತಕೋತ್ತರ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ನೇರ ಚುನಾವಣೆ 1980ರ ದಶಕದ ಕೊನೆಗೆ ನಿಂತುಹೋಯಿತು. ಅಂದಿನಿಂದ ಬಹುಮಟ್ಟಿಗೆ ಅಂಕ ನೋಡಿಯೋ ಅಧ್ಯಾಪಕರ ಮನಸ್ಸಿಗೆ ಬಂದಂತೆಯೋ ಪ್ರತಿನಿಧಿಗಳ ನೇಮಕವಾಗುತ್ತಿದೆ. ನೇಮಿಸಿದವರಿಗೆ ಉತ್ತರ ಹೇಳಿದರೆ ಸಾಕು, ಸಹಪಾಠಿಗಳಿಗೆ ಹೇಳಬೇಕಿಲ್ಲ ಎಂಬ ಭಾವನೆ ಪ್ರತಿನಿಧಿಯಲ್ಲಿ ಬೇರೂರುವುದೇ ಈ ಪದ್ಧತಿಯ ದೊಡ್ಡ ದೋಷ. ಅದನ್ನು ತಿದ್ದುವುದು ನಿಮ್ಮ ಕೈಯಲ್ಲೇ ಇದೆ. ಮುಖ್ಯಸ್ಥರ ಕೊಠಡಿಯಲ್ಲಿ ನಡೆದ ಮಾತನ್ನು ಅದೇ ದಿನ ತರಗತಿಗೆ ಬರಹದಲ್ಲಿ ತಿಳಿಸಿ. ತರಗತಿಯ ದೂರು ನಿಮಗೆ ಒಪ್ಪಿಗೆಯಾಗದಿದ್ದರೂ ಅದಕ್ಕೆ ಬಣ್ಣ ಹಚ್ಚದೆ, ಮೊನಚು ಕಳೆಯದೆ ಮೇಲಕ್ಕೆ ಮುಟ್ಟಿಸಿ.

ವಿದ್ಯಾರ್ಥಿಗಳಿಗೆ ನಿಯಮದಲ್ಲೇ ಜಾಗವಿರುವ ಸಮಿತಿಗಳೂ ಇವೆ. ಅವುಗಳ ಬಗ್ಗೆ ಹೇಳುವವರು ಕಡಿಮೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2023ರ ನಿಯಮಾವಳಿಯ ಪ್ರಕಾರ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣಾ ಸಮಿತಿಯಲ್ಲಿ ಒಬ್ಬ ವಿದ್ಯಾರ್ಥಿ ವಿಶೇಷ ಆಹ್ವಾನಿತರಾಗಿ ಇರಬೇಕು. ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಆಂತರಿಕ ದೂರು ಸಮಿತಿಯ ವಿಷಯದಲ್ಲಿ ಯುಜಿಸಿಯದೇ 2015ರ ನಿಯಮಾವಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಪ್ರಕರಣಗಳಲ್ಲಿ ಪದವಿ, ಸ್ನಾತಕೋತ್ತರ ಮತ್ತು ಸಂಶೋಧನಾ ಹಂತಗಳಿಂದ ಒಬ್ಬೊಬ್ಬರಂತೆ ಮೂವರು ವಿದ್ಯಾರ್ಥಿ ಸದಸ್ಯರಿರಬೇಕು, ಅವರು ಪಾರದರ್ಶಕ ಪ್ರಜಾಸತ್ತಾತ್ಮಕ ವಿಧಾನದಿಂದ ಆಯ್ಕೆಯಾಗಿರಬೇಕು. ಚುನಾವಣೆಯೇ ಇಲ್ಲವೆನ್ನುವ ಕ್ಯಾಂಪಸ್ಸಿನಲ್ಲೂ ಈ ಒಂದು ಆಯ್ಕೆಯನ್ನು ನಿಯಮವೇ ಬೇಡುತ್ತದೆ. ನಿಮ್ಮಲ್ಲಿ ಅದು ನಡೆದಿದೆಯೇ ಎಂದು ಕುಲಸಚಿವರ ಕಚೇರಿಗೆ ಲಿಖಿತವಾಗಿ ಕೇಳುವುದು ತರಗತಿಯ ಪ್ರತಿನಿಧಿಯಾಗಿ ನೀವು ಮಾಡಬಹುದಾದ ಒಳ್ಳೆಯ ಮೊದಲ ಕೆಲಸ.

ಮೆಸ್ ಸಮಿತಿಯನ್ನು ಹಗುರವಾಗಿ ಕಾಣಬೇಡಿ. ತಿಂಗಳ ಖರ್ಚನ್ನು ಎಲ್ಲರೂ ಹಂಚಿಕೊಳ್ಳುವ ಹಾಸ್ಟೆಲ್‌ನಲ್ಲಿ ನಾನು ಒಂದು ವರ್ಷ ಮೆಸ್ ಕಾರ್ಯದರ್ಶಿಯಾಗಿದ್ದೆ. ಒಂದು ತಿಂಗಳು ಬಿಲ್ಲು ಏಕಾಏಕಿ ಏರಿದಾಗ ಸಂತೆಯಲ್ಲಿ ಕೊಂಡ ತರಕಾರಿಗೆ ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ. ಒಂದು ಪೈಸೆ ಮುಟ್ಟದಿದ್ದರೂ ಊಟದ ಹಾಲ್‌ನಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಯಿತು. ಮರುದಿನದಿಂದಲೇ ಜಮಾಖರ್ಚಿನ ಹಾಳೆಯನ್ನು ಪ್ರತಿ ವಾರ ಗೋಡೆಗೆ ಅಂಟಿಸತೊಡಗಿದೆ. ಭಾಷಣ ಮಾಡಿಸುವ ಎಷ್ಟೋ ಸ್ಥಾನಗಳು ಕಲಿಸದ ಪಾಠವನ್ನು ಆ ಹಾಳೆ ಕಲಿಸಿತು.

ಆದರೂ ಮೂರನ್ನೂ ಒಟ್ಟಿಗೆ ಹೊರಬೇಡಿ. ಇಷ್ಟರಮಟ್ಟಿಗೆ ನಿಮ್ಮ ತಂದೆಯವರ ಮಾತು ಸರಿ. ಎನ್.ಎಸ್.ಎಸ್. ಸ್ವಯಂಸೇವಕರಿಗೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯೂ ಏಳು ದಿನಗಳ ವಿಶೇಷ ಶಿಬಿರವೂ ಇರುತ್ತವೆ. ಪ್ರಯೋಗಾಲಯದ ವೇಳೆಯನ್ನು ಕಳೆದರೆ ನಿಮಗೆ ಉಳಿಯುವ ಬಿಡುವೆಷ್ಟು ಎಂಬುದನ್ನು ಮೊದಲು ಲೆಕ್ಕ ಹಾಕಿ. ಈ ವರ್ಷ ಪ್ರತಿನಿಧಿ ಸ್ಥಾನದ ಜೊತೆಗೆ ಮೆಸ್ ಅಥವಾ ಎನ್.ಎಸ್.ಎಸ್., ಎರಡರಲ್ಲೊಂದು ಸಾಕು. ನನ್ನನ್ನು ಕೇಳಿದರೆ ಮೆಸ್ ಎನ್ನುತ್ತೇನೆ, ಏಕೆಂದರೆ ಅಲ್ಲಿ ತಪ್ಪಿದರೆ ಮರುದಿನ ಬೆಳಗಿನ ತಿಂಡಿಯ ಹೊತ್ತಿಗೇ ತಿಳಿಯುತ್ತದೆ.

ಪ್ರಶ್ನೆ: ಕ್ಯಾಂಪಸ್ ಚುನಾವಣೆ ಮತ್ತೆ ಬಂದರೆ ಹಣ, ಗಲಾಟೆಗಳೂ ಮರಳಿ ಬರುವುದಿಲ್ಲವೇ?
– ಬಿ.ಎ. ವಿದ್ಯಾರ್ಥಿ, ಮೈಸೂರು

ಉತ್ತರ: ಈ ಭಯಕ್ಕೆ ಆಧಾರವಿದೆ. ಅದಕ್ಕೆಂದೇ ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಅವರ ಸಮಿತಿ ವಿದ್ಯಾರ್ಥಿ ಚುನಾವಣೆಗೆ ನಿಯಮಗಳನ್ನು ರೂಪಿಸಿತು, 2006ರಲ್ಲಿ ಸುಪ್ರೀಂ ಕೋರ್ಟ್ ಅವುಗಳ ಜಾರಿಗೆ ಆದೇಶಿಸಿತು. ಅಭ್ಯರ್ಥಿಯ ವೆಚ್ಚ 5,000 ರೂಪಾಯಿ ಮೀರುವಂತಿಲ್ಲ, ಮುದ್ರಿತ ಪೋಸ್ಟರ್ ಸಲ್ಲದು, ಕನಿಷ್ಠ ಶೇ. 75ರ ಹಾಜರಾತಿ ಇರಬೇಕು, ಆ ವರ್ಷ ಯಾವ ವಿಷಯವೂ ಬಾಕಿ ಉಳಿದಿರಬಾರದು, ಪದಾಧಿಕಾರಿ ಸ್ಥಾನಕ್ಕೆ ಒಮ್ಮೆ ಮಾತ್ರ ಸ್ಪರ್ಧಿಸಬಹುದು. ನಿಯಮ ಮುರಿದ ಉದಾಹರಣೆಗೂ ಕೊರತೆಯಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ದೆಹಲಿ ವಿಶ್ವವಿದ್ಯಾಲಯದ ಚುನಾವಣೆ ಮುಗಿದರೂ, ಪೋಸ್ಟರ್, ಬಣ್ಣಗಳಿಂದ ಕೆಡಿಸಿದ ಗೋಡೆಗಳು ಸ್ವಚ್ಛವಾಗುವವರೆಗೆ ಅಲ್ಲಿನ ಹೈಕೋರ್ಟ್ ಮತ ಎಣಿಕೆಯನ್ನು ತಡೆಹಿಡಿಯಿತು. ಫಲಿತಾಂಶ ನವೆಂಬರ್‌ನಲ್ಲಿ ಹೊರಬಿತ್ತು.

ಆದರೆ ಅದೇ ಲಿಂಗ್ಡೋ ಸಮಿತಿ, ಚುನಾವಣೆಯಿಲ್ಲದೆ ಪ್ರತಿನಿಧಿಗಳನ್ನು ನೇಮಿಸುವ ನಾಮನಿರ್ದೇಶನವನ್ನು ತಾತ್ಕಾಲಿಕ ಏರ್ಪಾಡೆಂದೇ ಕರೆದು, ಅದನ್ನು ಕೇವಲ ಅಂಕಗಳ ಮೇಲೆ ನಿಲ್ಲಿಸುವುದು ಸೂಕ್ತವಲ್ಲವೆಂದೂ ಐದು ವರ್ಷಗಳಲ್ಲಿ ಚುನಾವಣೆಗೆ ಹೊರಳಬೇಕೆಂದೂ ಹೇಳಿತ್ತು. ನಮ್ಮಲ್ಲಿ ಆ ಅರ್ಧ ಭಾಗವನ್ನು ಮರೆತು, ಗಲಾಟೆಯ ನೆಪವನ್ನಷ್ಟೇ ನೆನಪಿಟ್ಟುಕೊಂಡಿದ್ದೇವೆ.

ಪ್ರಶ್ನೆ: ತರಗತಿಯ ಪ್ರತಿನಿಧಿ, ಸಮಿತಿಯ ಕಾರ್ಯದರ್ಶಿಯಂಥ ಸ್ಥಾನಗಳಿಂದ ಕೆಲಸ ಸಿಗುತ್ತದೆಯೇ?
– ಬಿ.ಕಾಂ. ವಿದ್ಯಾರ್ಥಿ, ತುಮಕೂರು

ಉತ್ತರ: ಸ್ಥಾನದ ಹೆಸರಿನಿಂದ ಸಿಗುವುದಿಲ್ಲ. ಸಂದರ್ಶನದಲ್ಲಿ ‘ಕಾರ್ಯದರ್ಶಿಯಾಗಿದ್ದೆ’ ಎಂದರೆ ಮುಂದಿನ ಪ್ರಶ್ನೆ ‘ಏನು ಮಾಡಿದಿರಿ?’ ಎಂದೇ ಬರುತ್ತದೆ. ಎಷ್ಟು ಜನರ ಕಾರ್ಯಕ್ರಮ, ಎಷ್ಟು ಹಣ, ಯಾವುದು ಕೈಕೊಟ್ಟಿತು, ಆಗ ನೀವೇನು ಮಾಡಿದಿರಿ ಎಂಬುದನ್ನು ಈಗಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.