ಆವೃತ್ತಿ ಹೆಚ್ಚಿದರೆ ಅಲೆಯ ವೇಗವೂ ಹೆಚ್ಚುತ್ತದಾ?

ಪ್ರಶ್ನೆ: ನಾನು ಪ್ರಥಮ ಪಿಯುಸಿ ವಿದ್ಯಾರ್ಥಿ. ವೇಗ = ಆವೃತ್ತಿ × ತರಂಗದೂರ. ಈ ಸೂತ್ರ ನೋಡಿಯೇ, ಗಾಳಿಯಲ್ಲಿ ಶಬ್ದದ ಆವೃತ್ತಿ ಎರಡು ಪಟ್ಟಾದರೆ ವೇಗವೂ ಎರಡು ಪಟ್ಟು ಎಂದು ಬರೆದೆ. ಮಾರ್ಕ್ಸ್ ಸಿಗಲಿಲ್ಲ. ಸೂತ್ರ ಹಾಗೇ ಹೇಳುತ್ತದೆ ಅಲ್ವಾ?

ಉತ್ತರ: ಸೂತ್ರ ಸರಿ. ಆದರೆ ಮೂರರಲ್ಲಿ ಯಾವುದು ಮೊದಲೇ ನಿಗದಿಯಾಗಿದೆ ಎಂದು ಅದು ಹೇಳುವುದಿಲ್ಲ. ಲೆಕ್ಕ ಶುರು ಮಾಡುವ ಮೊದಲು ಅದನ್ನು ನೀವೇ ಕೇಳಿಕೊಳ್ಳಬೇಕು.

ಆವೃತ್ತಿಯನ್ನು, ಅಂದರೆ ಸೆಕೆಂಡಿಗೆ ಎಷ್ಟು ಕಂಪನ (ಹರ್ಟ್ಸ್) ಎಂಬುದನ್ನು, ನಿರ್ಧರಿಸುವುದು ಶಬ್ದದ ಮೂಲ. ವೇಗವನ್ನು ನಿರ್ಧರಿಸುವುದು ಮಾಧ್ಯಮ, ಅಂದರೆ ಶಬ್ದ ಸಾಗುವ ಗಾಳಿ, ನೀರಿನಂಥ ವಸ್ತು. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 440 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ ಬಾರಿಸಿದರೆ ತರಂಗದೂರ (ಒಂದು ಪೂರ್ಣ ಅಲೆಯ ಉದ್ದ) 343 ÷ 440, ಅಂದರೆ 0.78 ಮೀಟರ್. 880 ಹರ್ಟ್ಸ್ ಆದರೆ 0.39 ಮೀಟರ್. ಅರ್ಧವಾಗಿದ್ದು ತರಂಗದೂರ, ವೇಗ ಕದಲಿಲ್ಲ. ನೀವು ಬರೆದಂತೆ ಇದ್ದಿದ್ದರೆ, ಕಛೇರಿಯಲ್ಲಿ ಹಿಂದಿನ ಸಾಲಿನವರಿಗೆ ಕೊಳಲು ಮೊದಲು ಕೇಳಿಸಿ, ಮೃದಂಗ ಆಮೇಲೆ ಬರುತ್ತಿತ್ತು. ತಾಳವೇ ಕೂಡುತ್ತಿರಲಿಲ್ಲ!

ಅದೇ 440 ಹರ್ಟ್ಸ್ ಶಬ್ದ ನೀರಿಗೆ ಇಳಿದರೆ? ಆವೃತ್ತಿ 440 ಆಗಿಯೇ ಉಳಿಯುತ್ತದೆ. ವೇಗ ಸುಮಾರು 1480 ಆಗುತ್ತದೆ, ತರಂಗದೂರ 3.36 ಮೀಟರಿಗೆ ಹಿಗ್ಗುತ್ತದೆ. ಆವರ್ತಕಾಲ, ಅಂದರೆ ಒಂದು ಕಂಪನಕ್ಕೆ ಹಿಡಿಯುವ ಸಮಯ, 1 ÷ 440, ಸುಮಾರು 0.0023 ಸೆಕೆಂಡ್, ಎರಡರಲ್ಲೂ ಒಂದೇ.

ರೇಡಿಯೋ ಲೆಕ್ಕದಲ್ಲಿ ಜಾಸ್ತಿ ಜನ ಎಡವುವುದು ಕಿಲೋ, ಮೆಗಾಗಳಲ್ಲಿ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ 612 ಕಿಲೋಹರ್ಟ್ಸ್, ಅಂದರೆ 6,12,000 ಹರ್ಟ್ಸ್. ರೇಡಿಯೋ ಅಲೆ ಸಾಗುವುದು ಬೆಳಕಿನ ವೇಗದಲ್ಲೇ, ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್. ಅದನ್ನು ಇದರಿಂದ ಭಾಗಿಸಿ: ತರಂಗದೂರ ಸುಮಾರು 490 ಮೀಟರ್. ಅಲ್ಲಿನ ಎಫ್‌ಎಂ ರೇನ್‌ಬೋ 101.3 ಮೆಗಾಹರ್ಟ್ಸ್, ಅಂದರೆ 10,13,00,000 ಹರ್ಟ್ಸ್, ಅದರ ತರಂಗದೂರ ಮೂರು ಮೀಟರಿಗೂ ತುಸು ಕಡಿಮೆ. ಸೊನ್ನೆಗಳನ್ನು ದಯವಿಟ್ಟು ಬಿಡಿಸಿ ಬರೆಯಿರಿ.

ಇನ್ನು, ವೇಗ ಮತ್ತು ಆವೃತ್ತಿ ಒಟ್ಟಿಗೇ ಏರುವ ಸಂದರ್ಭವೂ ಇದೆ. ವೀಣೆಯ ಬಿರಡೆ ತಿರುಗಿಸಿ ತಂತಿ ಬಿಗಿ ಮಾಡಿ. ಕಂಪಿಸುವ ಉದ್ದ ಅಷ್ಟೇ ಇರುವುದರಿಂದ ಮೂಲಸ್ವರದ (ತಂತಿಯ ಅತಿ ಕಡಿಮೆ ಆವೃತ್ತಿಯ ಸ್ವರದ) ತರಂಗದೂರ, ಅಂದರೆ ಆ ಉದ್ದದ ಎರಡರಷ್ಟು, ಬದಲಾಗುವುದಿಲ್ಲ. ಬಿಗಿತದಿಂದ ತಂತಿಯಲ್ಲಿ ಅಲೆಯ ವೇಗ ಹೆಚ್ಚುತ್ತದೆ, ಅದರಿಂದ ಆವೃತ್ತಿ ಏರುತ್ತದೆ. ಬಿಗಿತ ನಾಲ್ಕು ಪಟ್ಟಾದರೆ ವೇಗ ಎರಡು ಪಟ್ಟು, ಆವೃತ್ತಿಯೂ ಎರಡು ಪಟ್ಟು. ಗಮನಿಸಿ, ಇಲ್ಲಿ ಕಾರಣ ವೇಗ. ಆವೃತ್ತಿ ಅದರ ಫಲ.